ಬಾಗಿಲನ್ನೇ ಗುಡಿಸಿ ಹಾಕಿದ ದಿನ

ಈಗ ಡೇಟಾಬೇಸ್ ಕೆಲಸಕ್ಕೆ ಸೇರುವವರು ಯಂತ್ರ ಎಲ್ಲಿದೆ ಎಂದು ಕೇಳುವುದೇ ಇಲ್ಲ. ಎಲ್ಲೋ ಇರುತ್ತದೆ, ಪರದೆಯ ಮೇಲೆ ಬರುತ್ತದೆ, ಅಷ್ಟೇ. ನನ್ನ ಸರ್ವರ್ ಹಾಗಿರಲಿಲ್ಲ. ಅದು ಹಲಸೂರಿನ ಒಂದು ಹಳೆಯ ಹೆಂಚಿನ ಕಟ್ಟಡದಲ್ಲಿ, ನನ್ನ ಮೇಜಿನ ಕೆಳಗೆ, ನನ್ನ ಪಾದದ ಪಕ್ಕದಲ್ಲೇ ಇತ್ತು. ಡಿಸೆಂಬರ್ ಚಳಿಯಲ್ಲಿ ಅದರ ಬೆನ್ನಿನಿಂದ ಬರುವ ಬಿಸಿಗಾಳಿಗೆ ಕಾಲು ಒಡ್ಡಿಕೊಂಡು ಕೂರುತ್ತಿದ್ದೆ. ಪಕ್ಕದ ಕೋಣೆಯ ಗೋಡೆಯ ಉದ್ದಕ್ಕೂ ಬೇರೆ ಕಾಲುಗಳು ನೇತಾಡುತ್ತಿದ್ದವು: ಬಣ್ಣ ಬಳಿದವು, ಬಳಿಯದವು, ಪಾದ ಜೋಡಿಸಿದವು, ಇನ್ನೂ ಜೋಡಿಸಬೇಕಾದವು. ಒಂದು ಟ್ರಸ್ಟ್ ನಡೆಸುತ್ತಿದ್ದ ಕೃತಕ ಕಾಲಿನ ಕೇಂದ್ರ ಅದು. ನಾನು ಅಲ್ಲಿಗೆ ಟೈಪಿಸ್ಟ್ ಆಗಿ ಸೇರಿ, ಸರ್ವರ್ ನೋಡಿಕೊಳ್ಳುವವಳಾಗಿ ನಿವೃತ್ತಳಾದೆ. ನಡುವೆ ಸಿಕ್ಕ ಬಡ್ತಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವುಗಳಿಂದ ನಿಮಗೆ ಕಲಿಯುವಂಥದ್ದು ಏನೂ ಇಲ್ಲ. ತಪ್ಪುಗಳಿಂದ ಇದೆ.

ನಾನು ಕಗ್ಗದಾಸಪುರದವಳು. ಈಗಿನ ಅಪಾರ್ಟ್‌ಮೆಂಟುಗಳ ಕಗ್ಗದಾಸಪುರವಲ್ಲ. ನಮ್ಮಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಕಗ್ಗದಾಸಪುರ. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಈ ಮಾತನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಹಗಲು ಬಿ.ಎಸ್ಸಿ., ಸಂಜೆ ಶಿವಾಜಿನಗರದ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಡಿಪ್ಲೊಮಾ. ಒಂದು ಕಂಪ್ಯೂಟರಿಗೆ ನಾಲ್ಕು ಜನ. ನನ್ನ ಸರದಿ ಬಂದಾಗ ಕೀಲಿಮಣೆ ಹಿಂದಿನವರ ಬೆರಳಿನ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಆದರೂ ನಾನು ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಿದಾಗಲೆಲ್ಲ ಎದೆ ಸಣ್ಣಗೆ ಹೊಡೆದುಕೊಳ್ಳುತ್ತಿತ್ತು. ನಿಜ ಹೇಳುತ್ತೇನೆ, ಮೂವತ್ತು ವರ್ಷ ಕಳೆದರೂ ಆ ಹೊಡೆತ ಪೂರ್ತಿ ನಿಲ್ಲಲಿಲ್ಲ.

ಕೇಂದ್ರದ ದೊಡ್ಡ ಮೇಸ್ತ್ರಿ ಸೆಬಾಸ್ಟಿಯನ್. ಬೆನ್ಸನ್ ಟೌನಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ತಮಿಳು, ಕೆಲಸದಲ್ಲಿ ಕನ್ನಡ, ಬೈಯುವಾಗ ಉರ್ದು. ನಾನು ಅಂಕಲ್ ಎನ್ನುತ್ತಿದ್ದೆ. ಅವರ ಕೆಲಸವನ್ನು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ನನ್ನ ಕೆಲಸ ಯಾಕೆ ಬೇಕಿತ್ತು ಎಂಬುದು ನಿಮಗೆ ತಿಳಿಯುವುದಿಲ್ಲ.

ಕಾಲು ಕಳೆದುಕೊಂಡವರ ಉಳಿದ ಮೊಂಡುಗಾಲಿಗೆ ಮೊದಲು ಪ್ಲಾಸ್ಟರ್ ಪಟ್ಟಿ ಸುತ್ತುತ್ತಾರೆ. ಅದು ಗಟ್ಟಿಯಾದ ಮೇಲೆ ಕಳಚಿ, ಅದರೊಳಗೆ ಪ್ಲಾಸ್ಟರ್ ಸುರಿದರೆ ಆ ಮೊಂಡುಗಾಲಿನದೇ ಬಿಳಿ ಅಚ್ಚು ಸಿಗುತ್ತದೆ. ಆ ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದರೆ ಕಾಲು ಕೂರುವ ಬಟ್ಟಲು ಸಿದ್ಧ. ಆದರೆ ಅಚ್ಚು ಇದ್ದಂತೆಯೇ ಬಟ್ಟಲು ಮಾಡಿದರೆ ಮೂಳೆ ಒತ್ತಿ ಗಾಯವಾಗುತ್ತದೆ. ನೋಯುವ ಜಾಗದಲ್ಲಿ ಅಚ್ಚಿನ ಮೇಲೆ ಸ್ವಲ್ಪ ಪ್ಲಾಸ್ಟರ್ ಏರಿಸಬೇಕು, ಭಾರ ತಡೆಯುವ ಜಾಗದಲ್ಲಿ ಸ್ವಲ್ಪ ಕೆರೆಯಬೇಕು. ಎಲ್ಲಿ, ಎಷ್ಟು? ಅದು ಒಬ್ಬೊಬ್ಬರಿಗೆ ಒಂದೊಂದು. ಹಾಕಿಸಿ, ನಡೆಸಿ, ಗಾಯವಾಗಿ, ಮಾಯ್ದು, ಮತ್ತೆ ಹಾಕಿಸಿ ಕಂಡುಕೊಳ್ಳಬೇಕು. ಅಳತೆಯನ್ನು ಇನ್ನೊಮ್ಮೆ ತೆಗೆಯಬಹುದು. ಈ ತಿದ್ದುಪಡಿಗಳನ್ನು ಇನ್ನೊಮ್ಮೆ ಪಡೆಯಬೇಕಾದರೆ ಆ ಮನುಷ್ಯ ಇನ್ನೊಮ್ಮೆ ಅಷ್ಟೂ ನೋವು ತಿನ್ನಬೇಕು.

ಸೆಬಾಸ್ಟಿಯನ್ ಅಂಕಲ್ ಇವನ್ನೆಲ್ಲ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದರು, ಅರ್ಧ ತಮಿಳಿನಲ್ಲಿ, ಅರ್ಧ ತಮ್ಮದೇ ಗುರುತುಗಳಲ್ಲಿ. ಒಂದು ಮಳೆಗಾಲ ಹೆಂಚು ಸರಿದು ನೀರು ಬಿದ್ದು ಆ ಪುಸ್ತಕ ಮುದ್ದೆಯಾಯಿತು. ಉಳಿದದ್ದು ಅವರ ತಲೆಯಲ್ಲಿ ಇದ್ದದ್ದು ಮಾತ್ರ. ಆ ಹೊತ್ತಿಗೆ ಅವರ ಕಣ್ಣಿಗೂ ಪೊರೆ ಬರತೊಡಗಿತ್ತು. ಆಗಲೇ ನಮ್ಮ ಆಡಳಿತಾಧಿಕಾರಿ ವೆಂಕಟರಾಮಯ್ಯನವರು ನನ್ನನ್ನು ಕರೆದದ್ದು. ವಿಮಾ ಕಚೇರಿಯಲ್ಲಿ ನಿವೃತ್ತರಾಗಿ ಬಂದವರು. ಒಂದು ಗುಂಡುಸೂಜಿಗೂ ಸಹಿ ಬೇಕು ಎನ್ನುವಂಥವರು.

"ರೀ ರತ್ನಮ್ಮ, ಅವರ ತಲೇಲಿರೋದನ್ನೆಲ್ಲ ನಿಮ್ಮ ಕಂಪ್ಯೂಟರಿಗೆ ಇಳಿಸಬೇಕು. ಆಗುತ್ತೇನ್ರಿ?"

"ಆಗುತ್ತೆ ಸಾರ್," ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಮಾರತ್ತಹಳ್ಳಿಯ ಕಡೆಯ ಒಂದು ಕಂಪನಿಯ ಎಂಜಿನಿಯರ್ ಒಬ್ಬರು ಸೇವೆಯೆಂದು ಎರಡು ಶನಿವಾರ ಬಂದು, ಹಳೆಯ ಬಿಡಿಭಾಗ ಜೋಡಿಸಿದ ಒಂದು ಯಂತ್ರಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ, ಉಚಿತವಾಗಿ ಸಿಗುವ ಡೇಟಾಬೇಸ್ ಒಂದನ್ನು ತೋರಿಸಿಕೊಟ್ಟರು. ಮೂರನೆಯ ಶನಿವಾರ ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಆಮೇಲೆ ನಾನು, ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಒಂದು ಸಿ.ಡಿ., ಮತ್ತು ಕಪ್ಪು ಪರದೆ.

ಮೊದಲ ದೊಡ್ಡ ತಪ್ಪು ಡೇಟಾಬೇಸಿನ ಹೊಸ ಆವೃತ್ತಿ ಹಾಕಲು ಹೋದಾಗ ಆಯಿತು. ಅದು ಒಂದು ಲೈಬ್ರರಿ, ಎಂದರೆ ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಫೈಲು, ಬೇಕು ಎಂದಿತು. ಆ ಲೈಬ್ರರಿ ಇನ್ನೊಂದನ್ನು ಕೇಳಿತು. ಅದು ಮತ್ತೊಂದನ್ನು. ಮದುವೆಗೆ ಕರೆಯಲು ಹೋದರೆ, ಅವರು ಬಂದರೆ ಮಾತ್ರ ನಾನು ಬರುತ್ತೇನೆ ಎಂದು ಪ್ರತಿ ಮನೆಯವರೂ ಹೇಳಿದ ಹಾಗೆ. ನಾಲ್ಕನೆಯದಕ್ಕೆ ನನ್ನ ತಾಳ್ಮೆ ಮುಗಿಯಿತು. ಏನು ಬೇಕಿದ್ದರೂ ಕೇಳದೆ ಬಲವಂತವಾಗಿ ಹಾಕು ಎಂಬ ಆಯ್ಕೆ ಇದೆ ಎಂದು ಓದಿದ್ದೆ. ಹಾಕಿದೆ. ಹಾಕಿಸಿಕೊಂಡಿತು. ಮರುಕ್ಷಣದಿಂದ ಯಂತ್ರದಲ್ಲಿ ಒಂದು ಆದೇಶವೂ ನಡೆಯಲಿಲ್ಲ; ಫೈಲುಗಳ ಪಟ್ಟಿ ತೋರಿಸು ಎಂದರೂ ತೋರಿಸಲಿಲ್ಲ. ಎಲ್ಲ ಆದೇಶಗಳೂ ಯಾವ ಲೈಬ್ರರಿಯ ಮೇಲೆ ನಿಂತಿದ್ದವೋ ಅದನ್ನೇ ನಾನು ಎಳೆದುಹಾಕಿದ್ದೆ.

ವೆಂಕಟರಾಮಯ್ಯನವರ ಮುಂದೆ ಹೋಗಿ ನಿಂತೆ.

"ಯಂತ್ರ ಬೇಡ ಬೇಡ ಅಂತಿತ್ತು ಸಾರ್. ನಾನು ಬಲವಂತ ಮಾಡ್ದೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪಾಲಿಸಿ ಮಾಡಿಸುವಾಗ ನಮ್ಮ ಏಜೆಂಟರೂ ಹಂಗೇ ಮಾಡ್ತಿದ್ರು ಕಣ್ರೀ. ಮೂರನೇ ತಿಂಗಳಿಗೆ ಲ್ಯಾಪ್ಸ್ ಆಗೋದು. ಹೋಗಿ, ಮೊದಲಿಂದ ಮಾಡಿ. ಈ ಸಲ ಅದು ಏನು ಕೇಳುತ್ತೋ ಕೊಡಿ."

ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿದೆ. ಆಗಿನ್ನೂ ಒಳಗೆ ಹೆಚ್ಚೇನೂ ಇರಲಿಲ್ಲವಾದ್ದರಿಂದ ನಷ್ಟವಾಗಲಿಲ್ಲ. ಆದರೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತು: ತೊಂದರೆ ಬಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಮುಂದೆ ಇನ್ನೂ ಎರಡು ಸಲ ಹಾಗೆ ಮಾಡಿ ಗೆದ್ದೆ. ಗೆದ್ದದ್ದೇ ಕೆಟ್ಟದ್ದಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಪ್ರಕರಣ ನೆನೆದರೆ ಈಗಲೂ ನನಗೆ ಬೆರಗು. ಅಂಗಳದ ಆಚೆ ಕಾಲು ತೊಡಿಸುವ ಕೋಣೆ. ಅಲ್ಲಿಗೊಂದು ಕಂಪ್ಯೂಟರ್ ಬಂತು, ನನ್ನ ಸರ್ವರಿನಿಂದ ಅಲ್ಲಿಗೆ ಒಂದು ನೀಲಿ ಕೇಬಲ್ ಎಳೆದರು. ಎರಡೂ ಕಡೆಯಿಂದ ಬಳಸಲೆಂದು ಡೇಟಾಬೇಸಿನಲ್ಲಿ ಹೊಸ ಬಳಕೆದಾರ ಹೆಸರು, ಗುಪ್ತಪದ ಮಾಡಿದೆ. ಅಂಗಳದ ಆಚೆಯಿಂದ ಸಲೀಸಾಗಿ ಒಳಗೆ ಬಿಟ್ಟಿತು. ಸರ್ವರಿನ ಮುಂದೆಯೇ ಕೂತು ಅದೇ ಹೆಸರು, ಅದೇ ಗುಪ್ತಪದ ಕೊಟ್ಟರೆ 'ಪ್ರವೇಶ ನಿರಾಕರಿಸಲಾಗಿದೆ'. ಮನೆಯವಳನ್ನು ಹೊರಗೆ ನಿಲ್ಲಿಸಿ ದೂರದವರನ್ನು ಒಳಗೆ ಕರೆದ ಹಾಗೆ. ಗುಪ್ತಪದವನ್ನು ಎಷ್ಟು ಸಲ ಬದಲಿಸಿದೆನೋ ಲೆಕ್ಕವಿಲ್ಲ.

ಕೊನೆಗೆ ಇಂದಿರಾನಗರದ ಒಂದು ಸೈಬರ್ ಕೆಫೆಯಲ್ಲಿ ಕೂತು, ಆ ಡೇಟಾಬೇಸ್ ಬಳಸುವವರ ಮೇಲಿಂಗ್ ಲಿಸ್ಟಿಗೆ ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಬರೆದೆ. ಎರಡು ದಿನ ಬಿಟ್ಟು ಹೋದರೆ ಉತ್ತರ ಬಂದಿತ್ತು. ಯಾರೋ, ಯಾವ ದೇಶದವರೋ. 'ನಿಮ್ಮ ಬಳಕೆದಾರರ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಸಾಲು ಇದೆಯೇ ನೋಡಿ' ಎಂದಷ್ಟೇ.

ಇತ್ತು. ಡೇಟಾಬೇಸ್ ಹಾಕಿದಾಗಲೇ ತಾನಾಗಿ ಬಂದು ಕೂತಿದ್ದ ಸಾಲು: ಹೆಸರು ಖಾಲಿ, ಗುಪ್ತಪದ ಖಾಲಿ, ಜಾಗ ಮಾತ್ರ 'ಇದೇ ಯಂತ್ರ'. ಈ ಸರ್ವರ್ ಬಂದವರನ್ನು ನೀನು ಯಾರು ಎಂದು ಮೊದಲು ನೋಡುವುದಿಲ್ಲ, ಎಲ್ಲಿಂದ ಬಂದೆ ಎಂದು ನೋಡುತ್ತದೆ. ನನ್ನ ಹೆಸರಿನ ಮುಂದೆ ನಾನು 'ಎಲ್ಲಿಂದಲಾದರೂ' ಎಂದು ಬರೆದಿದ್ದೆ. ಹೆಸರಿಲ್ಲದವನು 'ಇಲ್ಲಿಂದಲೇ' ಎಂದಿದ್ದ. ಇಲ್ಲಿಯವನೇ ಹತ್ತಿರದವನೆಂದು ಸರ್ವರ್ ನನ್ನನ್ನು ಅವನ ಸಾಲಿಗೆ ತಳ್ಳಿ, ಅವನ ಖಾಲಿ ಗುಪ್ತಪದಕ್ಕೆ ನನ್ನದು ಹೊಂದಲಿಲ್ಲ ಎಂದು ಹೊರಗೆ ಹಾಕುತ್ತಿತ್ತು. ಆ ಸಾಲು ಅಳಿಸಿದೆ. ಒಳಗೆ ಬಿಟ್ಟಿತು. ಯಂತ್ರ ತಪ್ಪು ಮಾಡಿರಲಿಲ್ಲ. ತನಗೆ ಹೇಳಿದ್ದನ್ನು ಕೂದಲೆಳೆಯಷ್ಟೂ ಬಿಡದೆ ಪಾಲಿಸಿತ್ತು. ಇನ್ನೊಂದು ಬೆರಗು, ಆ ಉತ್ತರ ಬರೆದವರದು. ಹಲಸೂರಿನ ಒಂದು ಮೂಲೆಯ ಟೈಪಿಸ್ಟಿಗೆ ಅವರು ಯಾಕೆ ಬರೆಯಬೇಕಿತ್ತು? ಆಮೇಲಿನ ವರ್ಷಗಳಲ್ಲಿ ನಾನೂ ಆ ಲಿಸ್ಟಿನಲ್ಲಿ ಗೊತ್ತಿದ್ದಷ್ಟು ಉತ್ತರ ಬರೆದೆ. ಬೇರೆ ಥರ ಋಣ ತೀರಿಸುವ ದಾರಿ ಗೊತ್ತಿರಲಿಲ್ಲ.

ಮೂರನೆಯದರ ಉತ್ತರ ನಮ್ಮಪ್ಪ ಕೊಟ್ಟರು. ಡಿಸ್ಕ್ ಬದಲಿಸಿ, ಡೇಟಾಬೇಸಿನ ಫೈಲುಗಳನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡಿದ್ದೆ. ಸರ್ವರ್ ಏಳಲೇ ಇಲ್ಲ. ಲಾಗ್ ಎಂದರೆ ಸರ್ವರ್ ತನ್ನಷ್ಟಕ್ಕೆ ತಾನು ಬರೆದುಕೊಳ್ಳುವ ದಿನಚರಿ. ಅದರಲ್ಲಿ 'ಫೈಲ್ ತೆರೆಯಲಾಗುತ್ತಿಲ್ಲ, ದೋಷ ಹದಿಮೂರು' ಎಂದಿತ್ತು. ಫೈಲು ಕಣ್ಣೆದುರಿಗೇ ಇದೆ, ತೆರೆಯಲಾಗದು ಎಂದರೇನು? ಭಾನುವಾರ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಅಪ್ಪನ ಮುಂದೆ ಗೋಳಾಡಿಕೊಂಡೆ. ಅಪ್ಪ ಓದಿದವರಲ್ಲ, ಹೆಬ್ಬೆಟ್ಟು ಒತ್ತುವವರು. ಆದರೆ ಪಹಣಿಯ ಯಾವ ಕಲಮಿನಲ್ಲಿ ಏನಿರಬೇಕು ಎಂಬುದನ್ನು ತಹಸೀಲ್ದಾರರಿಗೇ ಹೇಳಿಕೊಡಬಲ್ಲವರು.

"ಜಮೀನು ಐತೆ ಅಂತೀಯ, ಸರಿ. ಪಾಣಿ ಯಾರ ಹೆಸರಲ್ಲೈತವ್ವಾ?" ಎಂದರು.

ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಒಬ್ಬ ಒಡೆಯ ಇರುತ್ತಾನೆ. ನಾನು ಎಲ್ಲ ಅಧಿಕಾರವಿರುವ ಖಾತೆಯಲ್ಲಿ, ಎಂದರೆ ಯಂತ್ರದ ಯಜಮಾನಿಯ ಹೆಸರಿನಲ್ಲಿ, ನಕಲು ಮಾಡಿದ್ದೆ. ಫೈಲುಗಳೆಲ್ಲ ಅವಳ ಹೆಸರಿಗೆ ಹೋಗಿದ್ದವು. ಡೇಟಾಬೇಸ್ ಓಡುವುದು ಬೇರೆಯೇ ಒಂದು ಸಣ್ಣ ಹೆಸರಿನಲ್ಲಿ. ತನ್ನ ಹೊಲಕ್ಕೆ ತಾನೇ ಇಳಿಯಲಾಗದೆ ಬದುವಿನ ಮೇಲೆ ನಿಂತಿತ್ತು. ಸೋಮವಾರ ಹೋಗಿ ಒಂದೇ ಸಾಲಿನ ಆದೇಶದಲ್ಲಿ ಒಡೆತನ ಬದಲಿಸಿದೆ. ಎದ್ದಿತು. ಸಂಜೆ ಅಪ್ಪನಿಗೆ ಹೇಳಿದರೆ, "ಅಷ್ಟೇಯಾ? ಇದಕ್ಕೆ ಡಿಗ್ರಿ ಬೇಕಾ?" ಎಂದು ನಕ್ಕರು. ಆಮೇಲೆ ಊರಿನವರಿಗೆಲ್ಲ ತಾವೇ ಹೇಳಿಕೊಂಡು ಬಂದರು.

ಇಷ್ಟರಲ್ಲಿ ಸೆಬಾಸ್ಟಿಯನ್ ಅಂಕಲ್ ತಲೆಯೊಳಗಿನದನ್ನು ನನಗೆ ಇಳಿಸಿಕೊಡತೊಡಗಿದ್ದರು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ. ಅವರು ಕಣ್ಣು ಮುಚ್ಚಿ ಎರಡೂ ಅಂಗೈಗಳನ್ನು ಗಾಳಿಯಲ್ಲಿ ಬಟ್ಟಲಿನಂತೆ ಹಿಡಿಯುತ್ತಿದ್ದರು. ಹೆಸರು ಹೇಳಿದರೆ ಸಾಕು, ಆ ಮನುಷ್ಯನ ಮೊಂಡುಗಾಲು ಅವರ ಕೈಗೆ ಬಂದುಬಿಡುತ್ತಿತ್ತು. ಹೆಬ್ಬೆರಳು ಗಾಳಿಯಲ್ಲೇ ಮೂಳೆ ಹುಡುಕುತ್ತಿತ್ತು.

"ಬರ್ಕೊಮ್ಮಾ. ಮುಂದ್ಗಡೆ ಮೂಳೆ ಮೊನೇಲಿ ಮೂರು ರಾಗಿಕಾಳು ಏರಿಸು. ಹೊರಗ್ಗಡೆ ಒಂದು ಅಕ್ಕಿಕಾಳು ಕೆರಿ."

"ಅಂಕಲ್, ಮಿಲಿಮೀಟರಲ್ಲಿ ಹೇಳಿ."

"ನನ್ ಬೆರಳಿಗೆ ಮಿಲಿಮೀಟರ್ ಭಾಷೆ ಬರಲ್ಲಮ್ಮಾ. ನಿನ್ ಮಿಷಿನ್ನಿಗೆ ಅಕ್ಕಿ, ರಾಗಿ ಕಲಿಸು."

ಕಲಿಸಿದೆ. ಪ್ರಪಂಚದ ಯಾವ ಡೇಟಾಬೇಸಿನಲ್ಲೂ ಇರಲಿಕ್ಕಿಲ್ಲ, ನಮ್ಮದರಲ್ಲಿ 'ಕಾಳು' ಎಂಬ ಒಂದು ಕಲಂ ಇತ್ತು. ಒಬ್ಬರದು ಮುಗಿದ ಮೇಲೆ ಅಂಕಲ್ ಕೈ ಕೊಡವಿ, "ಕೊಟ್ಬಿಟ್ಟೆ. ಇನ್ನು ನನ್ ತಲೇಲಿಲ್ಲ," ಎನ್ನುತ್ತಿದ್ದರು. ತಮಾಷೆಗೆ ಎಂದುಕೊಂಡಿದ್ದೆ. ಒಮ್ಮೆ ಹಿಂದಿನ ವಾರದ ಒಂದು ಹೆಸರು ಕೇಳಿದೆ. ಅಂಗೈ ಹಿಡಿದು ಬಹಳ ಹೊತ್ತು ಕೂತು, "ಬರ್ತಾ ಇಲ್ಲಮ್ಮಾ. ನಿನ್ ಹತ್ರ ಇದೆ ಅಲ್ವಾ?" ಎಂದರು. ಅಂದು ನನಗೆ ನಿಜಕ್ಕೂ ಭಯವಾಯಿತು.

ಅವರಲ್ಲಿ ಇನ್ನೊಂದು ಪದ್ಧತಿ ಇತ್ತು. ಜಾಗವಿಲ್ಲದ್ದರಿಂದ ಬಿಳಿ ಅಚ್ಚುಗಳನ್ನು ಕೊನೆಗೆ ಒಡೆದುಹಾಕಲೇಬೇಕು. ಆದರೆ ಕಾಲು ಹಾಕಿಕೊಂಡವರು ಗೇಟು ದಾಟಿ, ರಸ್ತೆಯ ತಿರುವಿನವರೆಗೆ ನಡೆದು ವಾಪಸ್ ಬಂದು, ಕಾಲು ಬಿಚ್ಚಿ, ಚರ್ಮದ ಮೇಲೆ ಕೆಂಪು ಉಳಿದಿಲ್ಲ ಎಂದು ತೋರಿಸುವವರೆಗೂ ಅವರು ಅಚ್ಚು ಒಡೆಯುತ್ತಿರಲಿಲ್ಲ. ಒಡೆಯುವವರೂ ಅವರೇ. ಆ ಸುತ್ತಿಗೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಶಾಂತಮ್ಮನ ತಿದ್ದುಪಡಿಗಳನ್ನು ಅಂಕಲ್ ಆ ವರ್ಷದ ದಸರಾಕ್ಕೆ ಕೆಲವೇ ದಿನ ಮೊದಲು ಬರೆಸಿದರು. ಕೆ.ಆರ್. ಪುರಂ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು. ಹಿಂದಕ್ಕೆ ಬರುತ್ತಿದ್ದ ಲಾರಿಯ ಚಕ್ರಕ್ಕೆ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಜೊತೆಗೆ ಸಕ್ಕರೆ ಕಾಯಿಲೆ. ಮೊದಲ ಕಾಲು ಕೂರಬೇಕಾದರೆ ಏಳು ಸಲ ತೊಡಿಸಿ ನೋಡಬೇಕಾಯಿತು. ಒಂದು ಗಾಯ ನಾಲ್ಕು ತಿಂಗಳು ಮಾಯಲಿಲ್ಲ. ಇನ್ನೊಂದು ಸಲ ಹೀಗೆ ಗಾಯವಾದರೆ ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಏಳನೆಯ ಸಲ ಸರಿ ಕೂತ ಕಾಲಿನಲ್ಲಿ ವರ್ಷಗಟ್ಟಲೆ ಸೊಪ್ಪಿನ ಬುಟ್ಟಿ ಹೊತ್ತರು. ಈಗ ಆ ಬಟ್ಟಲು ಸೀಳಿತ್ತು. ದಸರಾ ಮುಗಿದ ಮಾರನೆಯ ದಿನದಿಂದ ನಮ್ಮಲ್ಲಿ ಮೂರು ದಿನದ ಶಿಬಿರ. ದೂರದವರೆಲ್ಲ ಬಂದು ಉಳಿದು ಹೊಸ ಕಾಲು ಹಾಕಿಸಿಕೊಂಡು ಹೋಗುತ್ತಾರೆ. ಶಾಂತಮ್ಮನ ಹೆಸರೂ ಆ ಪಟ್ಟಿಯಲ್ಲಿತ್ತು.

ಆಯುಧಪೂಜೆಯ ಹಿಂದಿನ ದಿನ ಕೇಂದ್ರದಲ್ಲಿ ತೊಳೆಯುವುದೇ ತೊಳೆಯುವುದು. ಅರ, ಉಳಿ, ಒಲೆ, ಮೊಣಕಾಲಿನ ಕೀಲುಗಳು ಎಲ್ಲ ಒರೆಸಿಕೊಂಡು ಸಾಲಾಗಿ ಕೂತವು. ನನ್ನ ಮೇಜು ಒರೆಸಿದೆ, ಕೀಲಿಮಣೆ ತಲೆಕೆಳಗು ಮಾಡಿ ಕೊಡವಿದೆ. ಆಗ ಅನ್ನಿಸಿತು, ಹೊರಗಿನದಷ್ಟೇ ಯಾಕೆ, ಒಳಗಿನದನ್ನೂ ಗುಡಿಸೋಣ. ಡಿಸ್ಕ್ ಕೂಡ ತುಂಬುತ್ತಾ ಬಂದಿತ್ತು. ಲಿನಕ್ಸಿನಲ್ಲಿ ತಾತ್ಕಾಲಿಕ ಫೈಲುಗಳಿಗೆಂದೇ ಒಂದು ಜಾಗವಿದೆ. ಹೆಸರೇ ತಾತ್ಕಾಲಿಕ, ಹಳೆಯ ಕಸ ಎಂದುಕೊಂಡು ಅಲ್ಲಿದ್ದದ್ದನ್ನೆಲ್ಲ ಒಂದೇ ಏಟಿಗೆ ಅಳಿಸಿದೆ. ಪೂಜೆಯ ದಿನ ವೆಂಕಟರಾಮಯ್ಯನವರು, "ಎಲ್ಲ ಆಯುಧಕ್ಕೂ ಇವತ್ತು ವಿಶ್ರಾಂತಿ ಕಣ್ರೀ, ಇದನ್ನೂ ಆರಿಸಿ," ಎಂದರು. "ಬೇಡ ಸಾರ್, ಅದು ಉಸಿರಾಡ್ತಾ ಇರ್ಲಿ," ಎಂದೆ. ಓಡುತ್ತಿದ್ದ ಸರ್ವರಿಗೇ ಅರಿಸಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟರು.

ಶಿಬಿರದ ಬೆಳಿಗ್ಗೆ ಅಂಗಳದ ಬೆಂಚುಗಳೆಲ್ಲ ತುಂಬಿದ್ದವು. ಹೊಸ ಅಚ್ಚುಗಳನ್ನು ಆಗಲೇ ಸುರಿದಾಗಿತ್ತು. ಅವು ತೀರಾ ಗಟ್ಟಿಯಾಗುವ ಮೊದಲು ತಿದ್ದುಪಡಿ ಮಾಡಬೇಕು, ಅದಕ್ಕೆ ನನ್ನ ಪಟ್ಟಿ ಬೇಕು. ಅಂಕಲ್ ಕಣ್ಣಿಗೆ ಕಾಣಲೆಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿ ಕೊಡುತ್ತಿದ್ದೆ. ಆದೇಶ ಕೊಟ್ಟೆ. ಪರದೆಯ ಮೇಲೆ ಬಂತು: ಈ ಯಂತ್ರದ ಸರ್ವರನ್ನು ಸಂಪರ್ಕಿಸಲಾಗುತ್ತಿಲ್ಲ.

ಕೈಯಾರೆ ಲಾಗಿನ್ ಆಗಲು ನೋಡಿದೆ. ಅದೇ ಸಾಲು. ಮತ್ತೆ ನೋಡಿದೆ. ಅದೇ.

ವೆಂಕಟರಾಮಯ್ಯನವರು ಬಾಗಿಲಲ್ಲಿ ನಿಂತು, "ಏನ್ರೀ, ಕುಂಕುಮ ಒಳಗೆ ಹೋಯ್ತಾ? ಇಲ್ಲಾ ಆ ಎಂಜಿನಿಯರ್ ಏನಾದ್ರೂ ಎಡವಟ್ಟು ಮಾಡಿಟ್ಟು ಹೋಗಿದ್ನಾ?" ಎಂದರು.

"ಇರಬಹುದು ಸಾರ್," ಎಂದೆ. ಊರಲ್ಲೇ ಇಲ್ಲದ ಮನುಷ್ಯನ ಮೇಲೆ ಹೊರಿಸಿಬಿಟ್ಟೆ. ಅಷ್ಟು ಸುಲಭವಾಗಿ ಬಂತು ಆ ಮಾತು.

ಅವರು ಹೋದ ಮೇಲೆ ಹಳೆಯ ಅಭ್ಯಾಸ ಎದ್ದು ಕೂತಿತು. ಎಲ್ಲ ಅಳಿಸಿ ಹೊಸದಾಗಿ ಹಾಕುವುದು, ಮೇಲೆ ಬ್ಯಾಕಪ್ ಸಿ.ಡಿ.ಯಿಂದ ತುಂಬುವುದು. ಸಿ.ಡಿ. ತೆಗೆದು ನೋಡಿದರೆ ಹಿಂದಿನ ತಿಂಗಳದು. ತಿಂಗಳ ಕೊನೆಗೆ ಮಾಡಿದರಾಯಿತು ಎಂದು ಸೋಮಾರಿತನ ಮಾಡಿದ್ದೆ. ಆಮೇಲೆ ಬರೆಸಿದ ನಲವತ್ತು ಜನರ ಕಾಳುಗಳು ಅದರಲ್ಲಿಲ್ಲ. ಶಾಂತಮ್ಮನದೂ ಇಲ್ಲ. ಅಂಕಲ್ ಹತ್ತಿರ ಮತ್ತೆ ಕೇಳಿ ಬರೆದುಕೊಂಡರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಗಾಬರಿಯಾದವರು ಏನನ್ನಾದರೂ ನಂಬುತ್ತಾರೆ. ಡೇಟಾ ಇರುವ ಜಾಗವನ್ನೇ ಅಳಿಸುವ ಆದೇಶ ಟೈಪ್ ಮಾಡಿದೆ. ಎಂಟರ್ ಒಂದು ಬಾಕಿ.

ಬಾಗಿಲಲ್ಲಿ ಪ್ಲಾಸ್ಟರ್ ಮೆತ್ತಿದ ಏಪ್ರನ್.

"ಎನ್ನಮ್ಮಾ ರತ್ನ, ಪೇಪರ್ ಎಲ್ಲಿ? ಅಚ್ಚು ಗಟ್ಟಿಯಾಗ್ತಾ ಇದೆ."

"ಸರ್ವರ್ ಸತ್ತೋಗಿದೆ ಅಂಕಲ್. ಎಲ್ಲ ಅಳಿಸಿ ಹೊಸದಾಗಿ ಹಾಕ್ತೀನಿ. ಒಂದ್ ಗಂಟೆ ಕೊಡಿ."

"ಸತ್ತೋಯ್ತಾ? ಯಾವಾಗ?"

"ಬೆಳಗ್ಗೆಯಿಂದ."

"ಇಲ್ವಲ್ಲಮ್ಮಾ! ಈಗ ತಾನೇ ಆ ರೂಮಲ್ಲಿ ಶಾಂತಮ್ಮನ ಹೆಸರು ಒತ್ತಿದ್ರು, ಫುಲ್ಲಾಗಿ ಬಂತು. ಸಣ್ಣ ಅಕ್ಷರ, ನನ್ ಕಣ್ಣಿಗೆ ಮಂಜು ಮಂಜು. ಅದಕ್ಕೇ ಪೇಪರ್ ಕೇಳೋಕೆ ಬಂದೆ."

ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಆ ಆದೇಶವನ್ನು ಅಳಿಸಿದೆ. ಎದ್ದು ಅಂಗಳ ದಾಟಿ ಓಡಿದೆ.

ತೊಡಿಸುವ ಕೋಣೆಯ ಪರದೆಯ ಮೇಲೆ ಶಾಂತಮ್ಮ ಇದ್ದರು. ಮೂಳೆ ಮೊನೆ, ಎರಡು ರಾಗಿಕಾಳು. ಹೊರಬದಿ, ಒಂದು ಅಕ್ಕಿಕಾಳು. ಒಂದು ಸಾಲೂ ಅಲುಗಿರಲಿಲ್ಲ. ಬೇರೆ ಹೆಸರು ಒತ್ತಿದೆ, ಬಂತು. ಇನ್ನೊಂದು, ಬಂತು. ಸರ್ವರ್ ಸತ್ತಿರಲಿಲ್ಲ. ನೀಲಿ ಕೇಬಲ್ಲಿನಲ್ಲಿ ಬಂದವರಿಗೆಲ್ಲ ಬೆಳಗಿನಿಂದ ಸುಮ್ಮನೆ ಉತ್ತರ ಕೊಡುತ್ತಲೇ ಇತ್ತು. ಅಲ್ಲಿಂದ ಬಂದರೆ ಒಂದು ದಾರಿ, ಇಲ್ಲಿಂದ ಬಂದರೆ ಇನ್ನೊಂದು ಎಂದು ಹೆಸರಿಲ್ಲದವನ ಪ್ರಕರಣದಲ್ಲೇ ನಾನು ಕಲಿತಿದ್ದೆ. ಕಲಿತದ್ದು ಆ ಬೆಳಿಗ್ಗೆ ಎಲ್ಲಿ ಹೋಗಿತ್ತೋ.

ವಾಪಸ್ ಬಂದು, ಸರ್ವರಿನ ಮುಂದೆ ಕೂತೇ ಜಾಲದ ವಿಳಾಸದ ಅಂಕಿ ಕೊಟ್ಟು, ಹೊರಗಿನವಳ ಹಾಗೆ ಕರೆದೆ. ಒಳಗೆ ಬಿಟ್ಟಿತು. ಬೇರೆ ಏನನ್ನೂ ಮುಟ್ಟಲಿಲ್ಲ. ಮೊದಲು ಪೂರ್ತಿ ಡೇಟಾಬೇಸಿನ ನಕಲು ತೆಗೆದೆ. ಒಂದು ಆಚೆ ಕೋಣೆಯ ಕಂಪ್ಯೂಟರಿಗೆ, ಒಂದು ಸಿ.ಡಿ.ಗೆ. ಅಂಕಲ್ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಆಮೇಲೆ ಲಾಗ್ ಓದಿದೆ. ಒಂದು ದೂರೂ ಇರಲಿಲ್ಲ. ಹಲವು ವಾರಗಳ ಹಿಂದೆ ಎದ್ದಾಗ ಬರೆದ ಕೊನೆಯ ಸಾಲು: 'ಸಂಪರ್ಕಕ್ಕೆ ಸಿದ್ಧ'. ಅದರ ಪಕ್ಕದಲ್ಲಿ ಒಂದು ಫೈಲಿನ ಹೆಸರು. ಇದೇ ಯಂತ್ರದಿಂದ ಬರುವವರು ಒಳಗೆ ಹೋಗಬೇಕಾದ ಬಾಗಿಲು ಆ ಫೈಲು. ಅದು ಇರುವ ಜಾಗ, ತಾತ್ಕಾಲಿಕ ಫೈಲುಗಳ ಜಾಗ.

ಹೋಗಿ ನೋಡಿದೆ. ಖಾಲಿ. ನಾನೇ ಗುಡಿಸಿದ್ದು, ಹಬ್ಬಕ್ಕೆಂದು.

ಒಬ್ಬರ ಮನೆಯ ಬಾಗಿಲನ್ನು ಕಿತ್ತು ಕಸಕ್ಕೆ ಹಾಕಿ, ಬಾಗಿಲಿಲ್ಲ, ಆದ್ದರಿಂದ ಒಳಗಿನವರು ಸತ್ತರು ಎಂದು ತೀರ್ಮಾನಿಸಿ, ಮನೆಗೇ ಬೆಂಕಿ ಇಡಲು ಹೊರಟಿದ್ದೆ. ಒಳಗಿದ್ದವರೋ, ಹಿತ್ತಿಲಿನಿಂದ ಬಂದವರಿಗೆಲ್ಲ ಕೇಳಿದ್ದನ್ನು ಕೊಡುತ್ತಾ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ಮೇಜಿನ ಕೆಳಗೆ ಬಗ್ಗಿ ನೋಡಿದೆ. ಸೇವಂತಿಗೆ ಬಾಡಿತ್ತು. ಬೆನ್ನಿನಿಂದ ಬೆಚ್ಚನೆ ಗಾಳಿ ಬರುತ್ತಿತ್ತು. ಕೈ ಮುಗಿಯಬೇಕು ಎನ್ನಿಸಿತು. ಅಂಕಲ್ ಇದ್ದರೆಂದು ನಾಚಿಕೆಯಾಗಿ, ಅದರ ಬೆನ್ನಿನ ಮೇಲೆ ಅಂಗೈ ಇಟ್ಟೆ.

ಸರ್ವರನ್ನು ಕ್ರಮವಾಗಿ ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಎದ್ದ ಕೂಡಲೇ ಅದು ತನ್ನ ಬಾಗಿಲನ್ನು ತಾನೇ ಕಟ್ಟಿಕೊಂಡಿತು. ಪ್ರಿಂಟರ್ ಕಿರ್ರೆಂದು ಶಾಂತಮ್ಮನ ಹಾಳೆಯನ್ನು ಹೊರಗೆ ಹಾಕಿತು. ಅಂಕಲ್ ಅದನ್ನು ಮೂಗಿನ ಹತ್ತಿರ ಹಿಡಿದು ಓದಿ, "ಹಾಂ, ಇದೇ," ಎಂದು ಹೋದರು.

ನಾನು ವೆಂಕಟರಾಮಯ್ಯನವರ ಕೋಣೆಗೆ ಹೋದೆ.

"ಸಾರ್, ಕುಂಕುಮ ಅಲ್ಲ. ಎಂಜಿನಿಯರೂ ಅಲ್ಲ. ನಾನೇ." ಎಲ್ಲ ಹೇಳಿದೆ, ಎಂಟರ್ ಒಂದು ಬಾಕಿ ಇದ್ದದ್ದನ್ನೂ.

ಅವರು ಮೇಜಿನ ಖಾನೆ ಎಳೆದರು. "ಆ ಎಂಜಿನಿಯರ್ ಅಡ್ರೆಸ್ ಇದೆಯೇನ್ರಿ?"

"ಇದೆ ಸಾರ್."

"ಒಂದು ಕಾಗದ ಬರೀರಿ. ನಿಮ್ಮ ಸರ್ವರ್ ಚೆನ್ನಾಗಿದೆ ಅಂತ." ಆಮೇಲೆ ಒಂದು ಹೊಸ ನೋಟ್‌ಬುಕ್ ಮುಂದೆ ತಳ್ಳಿದರು. "ಇದರಲ್ಲಿ ನೀವು ಮಾಡಿದ್ದು ಬರೀರಿ. ಕೆಳಗೆ ಸಹಿ ಮಾಡಿ. ನಾಳೆ ನಿಮ್ಮ ಜಾಗಕ್ಕೆ ಬರೋರಿಗೆ ಮೊದಲು ಇದನ್ನ ಕೊಡೋಣ."

ಆ ನೋಟ್‌ಬುಕ್ ಈಗಲೂ ಅಲ್ಲಿದೆ. ಮೊದಲ ಪುಟ ನನ್ನದು. ಅಳಿಸುವ ಮೊದಲು ಇನ್ನೊಂದು ಕಡೆಯಿಂದ ಕರೆದು ನೋಡಿ. ನಕಲು ತೆಗೆಯದೆ ಯಾವುದನ್ನೂ ಮುಟ್ಟಬೇಡಿ. ಲಾಗ್ ಓದಿ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ನಿಮಗೆ ಬರುತ್ತದೆ, ನೋಡಿಕೊಳ್ಳಿ.

ಮೂರನೆಯ ದಿನ ಶಾಂತಮ್ಮನಿಗೆ ಹೊಸ ಕಾಲು ತೊಡಿಸಿದರು. ನಾನೂ ಹೋಗಿ ಗೋಡೆಗೆ ಒರಗಿ ನಿಂತೆ. ಅವರು ಎದ್ದು, ಬೆಂಚು ಹಿಡಿದು, ಒಂದು ಹೆಜ್ಜೆ ಇಟ್ಟು ನಿಂತರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು.

"ಏನ್ ಹಂಗ್ ನೋಡ್ತೀರ ಎಲ್ಲಾ, ಹೆಣ್ಣು ನೋಡಾಕ್ ಬಂದೋರಂಗೆ," ಎಂದು ಬೈದು, ನಡೆಯತೊಡಗಿದರು. ಗೇಟು ದಾಟಿದರು. ತಿರುವಿನಲ್ಲಿ ಒಂದು ಸೊಪ್ಪಿನ ಗಾಡಿ ನಿಂತಿತ್ತು. ಗಾಡಿಯವನ ಜೊತೆ ದಂಟಿನ ಕಟ್ಟು ಸಣ್ಣದಾಯಿತೆಂದು ಜಗಳ ಆಡಿ ವಾಪಸ್ ಬಂದರು. ಕೂತು ಕಾಲು ಬಿಚ್ಚಿದರು. ಸೆಬಾಸ್ಟಿಯನ್ ಅಂಕಲ್ ಮಂಡಿಯೂರಿ, ಕಣ್ಣಿಗಿಂತ ಬೆರಳನ್ನೇ ನಂಬಿ, ಮೂಳೆಯ ಮೊನೆಯನ್ನು ಸುತ್ತಲೂ ಸವರಿದರು.

"ಉರಿ?"

"ಇಲ್ಲ ಬುಡಿ ಮೇಸ್ತ್ರಿ. ಹಳೇ ಕಾಲೇ ಇದ್ದಂಗೈತೆ."

ಅಂಕಲ್ ಎದ್ದು ಒಳಗೆ ಹೋಗಿ ಶಾಂತಮ್ಮನ ಬಿಳಿ ಅಚ್ಚು ತಂದು ಅಂಗಳದ ಕಲ್ಲಿನ ಮೇಲಿಟ್ಟರು. ಸುತ್ತಿಗೆ ತಂದು ನನ್ನ ಕೈಗೆ ಕೊಟ್ಟರು.

"ನಾನಾ ಅಂಕಲ್?"

"ಕಾಳೆಲ್ಲ ನಿನ್ ಹತ್ರ ಇದೆ ಅಲ್ವಾ. ಒಡಿ."

"ಒಂದ್ ನಿಮಿಷ," ಎಂದೆ. ಆಚೆ ಕೋಣೆಗೆ ಹೋಗಿ, ಸರ್ವರಿನಿಂದಲ್ಲ, ನಾನು ತೆಗೆದಿಟ್ಟ ನಕಲಿನಿಂದ ಅವರ ಹೆಸರು ತೆರೆದೆ. ಎರಡು ರಾಗಿ, ಒಂದು ಅಕ್ಕಿ. ಬಂದು ಸುತ್ತಿಗೆ ಎತ್ತಿದೆ.

ಮೊದಲ ಏಟು ಪಕ್ಕಕ್ಕೆ ಜಾರಿತು. "ಜೋರಾಗಿ ಹಾಕಮ್ಮೀ, ನಂಗೇನ್ ನೋಯಕಿಲ್ಲ," ಎಂದರು ಶಾಂತಮ್ಮ. ಎರಡನೆಯ ಏಟಿಗೆ ಒಡೆಯಿತು.